ಡ್ಯೂಟಿ ಎಷ್ಟು ಎಂದು ಕೇಳುವ ಮೊದಲು ಅನುಮತಿ ಇದೆಯೇ ನೋಡಿ

ಪ್ರಶ್ನೆ: ನಾನು ಶಿರಸಿ ತಾಲ್ಲೂಕಿನವನು. ನಾಲ್ಕು ಎಕರೆ ಅಡಿಕೆ ತೋಟ, ಮರಕ್ಕೆಲ್ಲ ಕಾಳುಮೆಣಸು ಹಬ್ಬಿಸಿದ್ದೇನೆ. ನನ್ನ ಅಣ್ಣನ ಮಗ ವಿಯೆಟ್ನಾಂನಲ್ಲಿ ಕೆಲಸದಲ್ಲಿದ್ದಾನೆ. ಮೇ ತಿಂಗಳಲ್ಲಿ ಊರಿಗೆ ಬರುವಾಗ ಮೂರು ಸಾಮಾನು ತರಲು ಹೇಳಿದ್ದೇನೆ. ಒಂದು, ಮದ್ದು ಹೊಡೆಯುವ ಡ್ರೋನ್. ಅಡಿಕೆ ಮರ ಹತ್ತುವ ಕೊನೆಗೌಡರು ಸಿಗುವುದೇ ಕಷ್ಟ, ಕೊಳೆ ರೋಗ ಶುರುವಾದ ಮೇಲೆ ಕೈಕಟ್ಟಿ ಕೂರಬೇಕಾಗುತ್ತದೆ. ಎರಡು, ಅಲ್ಲಿಯ ಜಾಸ್ತಿ ಇಳುವರಿ ಕೊಡುವ ಮೆಣಸಿನ ಬಳ್ಳಿ, ಒಂದೈವತ್ತು ತುಂಡು. ಮೂರು, ನೆಲದಲ್ಲೇ ನಿಂತು ಅಡಿಕೆ ಕೊನೆ ಇಳಿಸುವ ಉದ್ದನೆಯ ಕಾರ್ಬನ್ ಫೈಬರ್ ದೋಟಿ. ನನಗೊಂದು, ಕೇರಿಯ ಎಂಟು ಹತ್ತು ಮನೆಯವರಿಗೆ ಒಂದೊಂದು. ಡ್ಯೂಟಿ ಕಟ್ಟಿದರೆ ಎಲ್ಲವನ್ನೂ ಬಿಡುತ್ತಾರೆ ಅಂತ ಒಬ್ಬರು ಹೇಳುತ್ತಾರೆ. ಡ್ರೋನ್ ಬಿಚ್ಚಿ ಎರಡು ಬ್ಯಾಗಿನಲ್ಲಿ ಹಾಕಿದರೆ ಆಯಿತು, ಬಳ್ಳಿಯನ್ನು ಒದ್ದೆ ಬಟ್ಟೆಯಲ್ಲಿ ಸುತ್ತಿ ತಂದರೆ ಯಾರೂ ಕೇಳುವುದಿಲ್ಲ ಅಂತ ಇನ್ನೊಬ್ಬರು. ಗಿಫ್ಟ್ ಅಂತ ಬರೆಸಿ ಕೊರಿಯರ್ ಮಾಡಿದರೂ ನಡೆಯುತ್ತದಂತೆ. ಒಟ್ಟು ಡ್ಯೂಟಿ ಎಷ್ಟಾಗಬಹುದು? ಡ್ರೋನ್‌ಗೆ ಇನ್ನೂ ಮುಂಗಡ ಕೊಟ್ಟಿಲ್ಲ.

ಉತ್ತರ: ನಿಮ್ಮ ಪತ್ರದ ಕೊನೆಯ ಸಾಲು ಓದಿ ಸಮಾಧಾನವಾಯಿತು. ಮುಂಗಡ ಕೊಡಬೇಡಿ. ಅಣ್ಣನ ಮಗನಿಗೆ ಇವತ್ತೇ ಫೋನ್ ಮಾಡಿ ಹೇಳಿ.

ನೀವು ಕೇಳಿದ್ದು ಡ್ಯೂಟಿ ಎಷ್ಟು ಅಂತ. ಕಾರವಾರದಲ್ಲಿ ಕೂತು ಆಮದು ಮಾಲನ್ನು ಕಸ್ಟಮ್ಸ್‌ನಿಂದ ಬಿಡಿಸಿಕೊಡುವ ಕ್ಲಿಯರಿಂಗ್ ಕೆಲಸ ಮಾಡುವ ನನ್ನ ಬಳಿ ಬರುವವರಲ್ಲಿ ಹೆಚ್ಚಿನವರು ಮೊದಲು ಕೇಳುವುದು ಇದನ್ನೇ. ಆದರೆ ಡ್ಯೂಟಿ ಎರಡನೆಯ ಪ್ರಶ್ನೆ. ಈ ವಸ್ತುವನ್ನು ದೇಶದೊಳಗೆ ತರಲು ಅವಕಾಶ ಇದೆಯಾ, ಇದ್ದರೆ ಯಾರ ಅನುಮತಿ ಬೇಕು ಅನ್ನುವುದು ಮೊದಲನೆಯದು. ಇವೆರಡೂ ಬೇರೆ ಬೇರೆ ಕಾನೂನು. ಡ್ಯೂಟಿ ಕಸ್ಟಮ್ಸ್ ಸುಂಕದ ಲೆಕ್ಕ. ಅವಕಾಶ ಕೊಡುವುದು, ತಡೆಯುವುದು ವಿದೇಶ ವ್ಯಾಪಾರ ಮಹಾನಿರ್ದೇಶನಾಲಯ, ಅಂದರೆ ಡಿಜಿಎಫ್‌ಟಿ. ಜೊತೆಗೆ ಕೃಷಿ, ಆಹಾರ, ಔಷಧ, ದೂರಸಂಪರ್ಕದಂಥ ಆಯಾ ಇಲಾಖೆಗಳು. ಸೊಪ್ಪಿನ ಬೆಟ್ಟದ ಮರ ಕಡಿಯಲು ಕೂಲಿಯವರಿಗೆ ದುಡ್ಡು ಕೊಟ್ಟ ಮಾತ್ರಕ್ಕೆ ಅರಣ್ಯ ಇಲಾಖೆಯ ಅನುಮತಿ ಸಿಕ್ಕಂತಾಗುವುದಿಲ್ಲ ಅಲ್ವಾ? ಇದೂ ಹಾಗೆಯೇ.

ನಿಮ್ಮ ಮೂರು ಸಾಮಾನಿನ ಸ್ಥಿತಿ ಮೂರು ಥರ. ಡ್ರೋನ್ ತರುವಂತಿಲ್ಲ. ಬಳ್ಳಿಯನ್ನು ಕಾಗದಪತ್ರ ಇಲ್ಲದೆ ತರುವಂತಿಲ್ಲ, ಆ ಕಾಗದಪತ್ರ ನಿಮ್ಮಂಥ ಒಬ್ಬ ಬೆಳೆಗಾರನಿಗೆ ಸುಲಭವೂ ಅಲ್ಲ. ದೋಟಿ ತರಬಹುದು, ಆದರೆ ನೀವು ಅಂದುಕೊಂಡ ದಾರಿಯಲ್ಲಿ ಅಲ್ಲ.

ಡ್ರೋನ್ ವಿಷಯ ಮೊದಲು ನೋಡೋಣ, ದುಡ್ಡು ಜಾಸ್ತಿ ಹೋಗುವುದು ಅಲ್ಲಿಯೇ. 2022ರ ಫೆಬ್ರುವರಿ 9ರಂದು ಡಿಜಿಎಫ್‌ಟಿ ಒಂದು ಅಧಿಸೂಚನೆ ಹೊರಡಿಸಿತು. ಅವತ್ತಿನಿಂದ ವಿದೇಶಿ ಡ್ರೋನ್‌ಗಳ ಆಮದು ನಿಷಿದ್ಧ. ಸಂಶೋಧನೆ, ರಕ್ಷಣೆ ಮತ್ತು ಭದ್ರತೆಯ ಕೆಲಸಕ್ಕೆ ಮಾತ್ರ ವಿನಾಯಿತಿ, ಅದಕ್ಕೂ ಅನುಮತಿ ಪಡೆಯಬೇಕು. ಕೃಷಿ ಆ ವಿನಾಯಿತಿಯಲ್ಲಿ ಇಲ್ಲ. ಸ್ವಂತಕ್ಕೆ ಒಂದೇ ಒಂದು ಅನ್ನುವುದಕ್ಕೂ ಜಾಗ ಇಲ್ಲ. ವಿಮಾನ ಪ್ರಯಾಣಿಕರಿಗೆ ಇಂತಿಷ್ಟು ಬೆಲೆಯ ಸಾಮಾನು ಸುಂಕವಿಲ್ಲದೆ ತರಬಹುದು ಅಂತ ಒಂದು ಮಿತಿ ಇದೆಯಲ್ಲ, ಅದು ಸುಂಕದ ಮಾಫಿ ಅಷ್ಟೇ. ನಿಷಿದ್ಧ ವಸ್ತುವಿಗೆ ಅದು ಪರವಾನಗಿ ಆಗುವುದಿಲ್ಲ.

ಬಿಚ್ಚಿ ಎರಡು ಬ್ಯಾಗಿನಲ್ಲಿ ತರುವ ಸಲಹೆ ಕೊಟ್ಟವರು ಆ ಅಧಿಸೂಚನೆ ಓದಿಲ್ಲ. ಪೂರ್ತಿ ಜೋಡಿಸಿದ್ದು, ಅರ್ಧ ಬಿಚ್ಚಿದ್ದು, ಪೂರ್ತಿ ಬಿಚ್ಚಿದ್ದು ಮೂರನ್ನೂ ಅದರಲ್ಲಿ ಹೆಸರಿಸಿಯೇ ನಿಷೇಧಿಸಿದ್ದಾರೆ. ಬಿಡಿಭಾಗಗಳಿಗೆ ಡಿಜಿಎಫ್‌ಟಿ ಅನುಮತಿ ಬೇಡ ಅನ್ನುವುದು ನಿಜ. ಆದರೆ ಅದು ಇಲ್ಲಿ ಡ್ರೋನ್ ತಯಾರಿಸುವವರು ಮೋಟಾರು, ರೆಕ್ಕೆ ತರಿಸಿಕೊಳ್ಳಲಿ ಅಂತ ಬಿಟ್ಟದ್ದು. ಒಂದೇ ಡ್ರೋನಿನ ಎಲ್ಲ ಭಾಗ ಒಬ್ಬನೇ ಪ್ರಯಾಣಿಕನ ಎರಡು ಬ್ಯಾಗಿನಲ್ಲಿದ್ದರೆ ಅಧಿಕಾರಿ ಅದನ್ನು ಡ್ರೋನ್ ಎಂದೇ ನೋಡುತ್ತಾನೆ.

ಇನ್ನೊಂದು ಅಡ್ಡಿ ವಿಮಾನ ಹತ್ತುವ ಮೊದಲೇ ಬರುತ್ತದೆ. ಅದು ಬ್ಯಾಟರಿ. ಪ್ರಯಾಣಿಕರು ಲಿಥಿಯಂ ಬ್ಯಾಟರಿಯನ್ನು 100 ವಾಟ್-ಅವರ್ ತನಕ ತರಬಹುದು. 100ರಿಂದ 160ರ ತನಕ ವಿಮಾನ ಕಂಪನಿ ಒಪ್ಪಬೇಕು. ಅದಕ್ಕಿಂತ ದೊಡ್ಡದನ್ನು ಪ್ರಯಾಣಿಕರು ತರುವಂತೆಯೇ ಇಲ್ಲ. ಬ್ಯಾಟರಿಯ ಮೇಲೆ ಬರೆದ ವೋಲ್ಟ್ ಮತ್ತು ಆಂಪಿಯರ್-ಅವರ್ ಗುಣಿಸಿದರೆ ಲೆಕ್ಕ ಸಿಗುತ್ತದೆ. ಮದ್ದು ಹೊಡೆಯುವ ಡ್ರೋನಿನ ಬ್ಯಾಟರಿ 44.4 ವೋಲ್ಟ್, 22 ಆಂಪಿಯರ್-ಅವರ್ ಇದೆ ಅಂದುಕೊಳ್ಳಿ. ಗುಣಿಸಿದರೆ ಸುಮಾರು 977 ಬಂತು. ಮಿತಿಯ ಆರು ಪಟ್ಟು.

ಹಾಗಾದರೆ ಡ್ರೋನ್ ಬೇಡವೇ? ಬೇಕಾದರೆ ಇಲ್ಲಿಯೇ ತೆಗೆದುಕೊಳ್ಳಿ. ದೇಶದಲ್ಲಿ ತಯಾರಾದ, ಟೈಪ್ ಸರ್ಟಿಫಿಕೇಟ್ (ಆ ಮಾದರಿಗೆ ಸಿಕ್ಕ ಸರ್ಕಾರಿ ಒಪ್ಪಿಗೆ) ಇರುವ ಕೃಷಿ ಡ್ರೋನ್‌ಗಳಿವೆ. 2021ರ ಡ್ರೋನ್ ನಿಯಮದ ಪ್ರಕಾರ ಇಂಥ ಡ್ರೋನ್‌ಗೆ ನೋಂದಣಿ ಸಂಖ್ಯೆ ಬೇಕು, ಹಾರಿಸುವವರಿಗೆ ತರಬೇತಿ ಪಡೆದ ಪೈಲಟ್ ಸರ್ಟಿಫಿಕೇಟ್ ಬೇಕು. ಹೊರಗಿನಿಂದ ಹೇಗೋ ತಂದ ಡ್ರೋನ್‌ಗೆ ಇದ್ಯಾವುದೂ ಸಿಗುವುದಿಲ್ಲ. ಅಂದರೆ ವಿಮಾನ ನಿಲ್ದಾಣ ದಾಟಿ ಬಂದರೂ ತೋಟದಲ್ಲಿ ಹಾರಿಸುವುದು ತಪ್ಪೇ ಆಗುತ್ತದೆ. ನಮ್ಮ ಜಿಲ್ಲೆಯಲ್ಲಿ ಕಾರವಾರದ ನೌಕಾನೆಲೆ ಇದೆ, ಕೈಗಾ ಅಣುಸ್ಥಾವರ ಇದೆ. ಪರಿಚಯವಿಲ್ಲದ ಡ್ರೋನ್ ಕಂಡರೆ ಪೊಲೀಸರು ಸುಮ್ನೆ ಬಿಡುವ ಜಾಗ ಇದಲ್ಲ.

ನಿಮ್ಮ ಜಮೀನು ನಾಲ್ಕು ಎಕರೆ. ಅಂದರೆ ಎರಡು ಹೆಕ್ಟೇರಿನ ಒಳಗೆ, ನೀವು ಸಣ್ಣ ರೈತರ ಲೆಕ್ಕದಲ್ಲಿ ಬರುತ್ತೀರಿ. ಕೇಂದ್ರದ ಕೃಷಿ ಯಾಂತ್ರೀಕರಣ ಯೋಜನೆಯ ಮಾರ್ಗಸೂಚಿಯಲ್ಲಿ ಸಣ್ಣ ರೈತರಿಗೆ ಡ್ರೋನ್ ಬೆಲೆಯ ಶೇ 50, ಗರಿಷ್ಠ 5 ಲಕ್ಷ ರೂಪಾಯಿ ಸಹಾಯಧನ ಇಟ್ಟಿದ್ದಾರೆ. ಈ ವರ್ಷದ ಅನುದಾನ ಇದೆಯೇ ಅಂತ ರೈತ ಸಂಪರ್ಕ ಕೇಂದ್ರದಲ್ಲಿ ವಿಚಾರಿಸಿ. ಆದರೆ ಕೊಳ್ಳುವ ಮೊದಲು ಬಾಡಿಗೆ ಡ್ರೋನ್ ತರಿಸಿ ಒಂದು ಸಲ ಹೊಡೆಸಿ ನೋಡಿ. ಅಡಿಕೆ ಗೊನೆ ಸೋಗೆಯ ಕೆಳಗೆ ಇರುತ್ತದೆ, ಡ್ರೋನ್ ಮೇಲಿನಿಂದ ಹೊಡೆಯುತ್ತದೆ. ಬೋರ್ಡೋ ಮದ್ದು ಗೊನೆಗೆ ಎಷ್ಟು ತಾಗಿತು ಅನ್ನುವುದನ್ನು ಕಣ್ಣಾರೆ ನೋಡಿಯೇ ದುಡ್ಡು ಹಾಕಿ. ಇದು ನನ್ನ ಕ್ಷೇತ್ರ ಅಲ್ಲ, ತೋಟಗಾರಿಕೆಯವರನ್ನೂ ಕೇಳಿ.

ಈಗ ಬಳ್ಳಿ. ಮೂರರಲ್ಲಿ ನನಗೆ ಹೆಚ್ಚು ಕಳವಳ ತಂದದ್ದು ಇದೇ. ಡ್ರೋನ್ ಸಿಕ್ಕಿಬಿದ್ದರೆ ನಷ್ಟ ನಿಮಗೊಬ್ಬರಿಗೆ. ಬಳ್ಳಿ ಸಿಕ್ಕಿಬೀಳದೆ ಬಂದರೆ ಆಗುವ ನಷ್ಟ ಇಡೀ ಸೀಮೆಗೆ ಆಗಬಹುದು.

ನೆಡುವ ಉದ್ದೇಶದ ಗಿಡ, ಬಳ್ಳಿ, ಬೀಜ ಯಾವುದೇ ಇರಲಿ, 2003ರ ಸಸ್ಯ ಕ್ವಾರಂಟೈನ್ ಆದೇಶ ಅದಕ್ಕೆ ಅನ್ವಯ. ಮೂರು ಹಂತ ಇವೆ. ಗಿಡ ಹೊರಡುವ ಮೊದಲೇ ನಮ್ಮ ಕಡೆಯಿಂದ ಆಮದು ಪರವಾನಗಿ ತೆಗೆದಿರಬೇಕು. ಹೊರಡುವಾಗ ಆ ದೇಶದ ಸಸ್ಯ ಸಂರಕ್ಷಣಾ ಇಲಾಖೆ ಪರೀಕ್ಷಿಸಿ ಫೈಟೋಸ್ಯಾನಿಟರಿ ಸರ್ಟಿಫಿಕೇಟ್, ಅಂದರೆ ಗಿಡಕ್ಕೆ ಕೀಟ-ರೋಗ ಇಲ್ಲ ಅನ್ನುವ ಪತ್ರ ಕೊಟ್ಟಿರಬೇಕು. ಇಲ್ಲಿ ಇಳಿದ ಮೇಲೆ, ಬಳ್ಳಿಯ ತುಂಡಿನಂಥ ನೆಡುವ ಮಾಲನ್ನು ಒಪ್ಪಿಗೆ ಪಡೆದ ಪ್ರತ್ಯೇಕ ಜಾಗದಲ್ಲಿ ಬೆಳೆಸಬೇಕು, ಅಧಿಕಾರಿಗಳು ಬಂದು ನೋಡುತ್ತಿರುತ್ತಾರೆ. ರೋಗ ಕಂಡರೆ ಸುಟ್ಟುಹಾಕುತ್ತಾರೆ. ಇಷ್ಟೇ ಅಲ್ಲ, ಯಾವ ಗಿಡ ಯಾವ ದೇಶದಿಂದ ಬರಬಹುದು ಅಂತ ಪಟ್ಟಿಗಳಿವೆ. ಪಟ್ಟಿಯಲ್ಲಿ ಇಲ್ಲದ ಜೋಡಿಯಾದರೆ ಮೊದಲು ಕೀಟ-ರೋಗದ ಅಪಾಯದ ಅಧ್ಯಯನ ಆಗಬೇಕು. ಅದು ಒಬ್ಬ ಬೆಳೆಗಾರ ಮಾಡಿಸುವ ಕೆಲಸ ಅಲ್ಲ, ಸಂಸ್ಥೆಗಳದ್ದು.

ಒಂದು ಬಳ್ಳಿಗೆ ಇಷ್ಟೊಂದು ಯಾಕೆ ಅಂತ ನಿಮಗೆ ಅನ್ನಿಸಬಹುದು. ಮೆಣಸಿನ ಬಳ್ಳಿಯ ವೈರಸ್ ಮುಖ್ಯವಾಗಿ ಹರಡುವುದು ತುಂಡಿನ ಮೂಲಕ. ಕತ್ತರಿಸಿದ ದಿನ ಎಲೆ ಹಸಿರಾಗಿ ಚೆನ್ನಾಗಿಯೇ ಕಾಣುತ್ತದೆ. ನೆಟ್ಟು ಚಿಗುರಿದ ಮೇಲೆ ಎಲೆ ಸಣ್ಣದಾಗುತ್ತದೆ, ಮಚ್ಚೆ ಬೀಳುತ್ತದೆ, ಬಳ್ಳಿ ಗಿಡ್ಡಾಗುತ್ತದೆ. ಅಷ್ಟರಲ್ಲಿ ನೀವು ಅದೇ ಬಳ್ಳಿಯಿಂದ ತುಂಡು ಕತ್ತರಿಸಿ ನೆಂಟರಿಗೂ ಕೊಟ್ಟಿರುತ್ತೀರಿ. ಬೇರಿದ್ದರೆ ಇನ್ನೂ ಕಷ್ಟ. ಬೇರಿಗೆ ಅಂಟಿದ ಒಂದು ಚಿಟಿಕೆ ಮಣ್ಣಿನಲ್ಲಿ ಬೇರು ಕೊರೆಯುವ ಜಂತುಹುಳ ಇರಬಹುದು. ಇಂಡೋನೇಷ್ಯಾದ ಬಂಕಾ ದ್ವೀಪದ ಮೆಣಸಿನ ತೋಟಗಳನ್ನು ಹಿಂದೆ ಹಾಳುಗೆಡವಿದ್ದು ಇಂಥ ಹುಳವೇ. ಅದು ಮೆಣಸಿಗೆ ಮಾತ್ರ ಬರುವುದಿಲ್ಲ. ಅಡಿಕೆ, ತೆಂಗು, ಬಾಳೆ ಎಲ್ಲದರ ಬೇರನ್ನೂ ತಿನ್ನುತ್ತದೆ. ನಿಮ್ಮ ತೋಟದಲ್ಲಿ ಈ ನಾಲ್ಕೂ ಒಟ್ಟಿಗೆ ಇವೆ ಅಲ್ವಾ?

ಹೊರಗಿನ ಕೀಟ ಬಂದರೆ ಏನಾಗುತ್ತದೆ ಅನ್ನುವುದನ್ನು ನಾವು ಹತ್ತಿರದಿಂದ ನೋಡಿದ್ದೇವೆ. ಅಮೆರಿಕ ಖಂಡದ ಫಾಲ್ ಸೈನಿಕ ಹುಳು ಭಾರತದಲ್ಲಿ ಮೊದಲು ಪತ್ತೆಯಾದದ್ದು 2018ರಲ್ಲಿ, ನಮ್ಮ ಪಕ್ಕದ ಶಿವಮೊಗ್ಗದ ಮೆಕ್ಕೆಜೋಳದಲ್ಲಿ. ಆಮೇಲೆ ಅದು ದೇಶದ ತುಂಬ ಹರಡಿತು. ತೆಂಗಿನ ಸುರುಳಿ ಬಿಳಿನೊಣ 2016ರಲ್ಲಿ ಪೊಳ್ಳಾಚಿ ಭಾಗದಲ್ಲಿ ಕಂಡಿತು, ಕರಾವಳಿಯ ತೆಂಗಿಗೂ ಬಂತು. ಒಮ್ಮೆ ಒಳಗೆ ಬಂದು ಹರಡಿದ್ದನ್ನು ಹೊರಗೆ ಹಾಕುವುದು ತುಂಬ ಕಷ್ಟ. ವರ್ಷವರ್ಷ ಮದ್ದು ಹೊಡೆಯುತ್ತ ಇರಬೇಕು, ಅಷ್ಟೇ.

ಬಳ್ಳಿ ಬೇಕೇಬೇಕು ಅಂದರೆ ಇಲ್ಲಿಯೇ ಒಳ್ಳೆಯದಿದೆ. ಕೋಯಿಕ್ಕೋಡಿನ ಭಾರತೀಯ ಸಾಂಬಾರ ಬೆಳೆಗಳ ಸಂಶೋಧನಾ ಸಂಸ್ಥೆ ಬಿಡುಗಡೆ ಮಾಡಿದ ಶಕ್ತಿ, ತೇವಂ ತಳಿಗಳು ಸೊರಗು ರೋಗವನ್ನು ಒಂದಿಷ್ಟು ತಡೆದುಕೊಳ್ಳುತ್ತವೆ. ಆ ಸಂಸ್ಥೆಯ ಪ್ರಾದೇಶಿಕ ಕೇಂದ್ರ ಮಡಿಕೇರಿ ಹತ್ತಿರದ ಅಪ್ಪಂಗಳದಲ್ಲಿದೆ. ಪಣಿಯೂರು-1 ನಿಮಗೆ ಗೊತ್ತೇ ಇದೆ. ನಮ್ಮ ಮಲ್ಲಿಗೆಸರ, ಕರಿಮುಂಡ ಈ ಮಳೆಗೆ ಒಗ್ಗಿದ ತಳಿಗಳು. ವಿಯೆಟ್ನಾಂನಲ್ಲಿ ಇಳುವರಿ ಜಾಸ್ತಿ ಬರುವುದರಲ್ಲಿ ತಳಿಯ ಜೊತೆಗೆ ಅಲ್ಲಿಯ ಗೊಬ್ಬರ, ನೀರು, ಬಿಸಿಲಿನ ಪಾಲೂ ಇದೆ. ಬಳ್ಳಿ ತಂದ ಮಾತ್ರಕ್ಕೆ ಅವೆಲ್ಲ ಜೊತೆಗೆ ಬರುವುದಿಲ್ಲ.

ಇಲ್ಲಿ ಒಂದು ಮಾತು ಸೇರಿಸುತ್ತೇನೆ. ಆಮದಿನ ನಿಯಮ ಎಂದರೆ ನಮ್ಮ ಬೆಳೆಗಾರರಿಗೆ ಬರೀ ಕಿರಿಕಿರಿ ಎಂದು ಅನ್ನಿಸುವುದುಂಟು. ಆದರೆ ಕಿಲೋಗೆ 351 ರೂಪಾಯಿಗಿಂತ ಕಡಿಮೆ ಬೆಲೆಯ ಅಡಿಕೆ ಒಳಗೆ ಬರಬಾರದು ಎಂದು 2023ರ ಫೆಬ್ರುವರಿಯಲ್ಲಿ ಹೇಳಿದ್ದೂ ಇದೇ ಡಿಜಿಎಫ್‌ಟಿ. ಕಾಳುಮೆಣಸಿಗೆ 500 ರೂಪಾಯಿಯ ಮಿತಿ ಹಾಕಿದ್ದೂ ಅದೇ. ಬೇರೆಯವರು ಸುಳ್ಳು ಬೆಲೆ ಬರೆದು ಅಡಿಕೆ ತಂದರೆ ಶಿರಸಿ ಮಾರುಕಟ್ಟೆಯಲ್ಲಿ ನಮಗೆಲ್ಲ ಸಿಟ್ಟು ಬರುತ್ತದೆ. ಬರಬೇಕಾದದ್ದೇ. ಆ ತಡೆ ಗಟ್ಟಿಯಾಗಿರಬೇಕು ಎಂದರೆ ಬಳ್ಳಿಯ ತಡೆಯೂ ಗಟ್ಟಿಯಾಗಿರಬೇಕು.

ಸಿಕ್ಕಿಬಿದ್ದರೆ ಏನಾಗುತ್ತದೆ ಅನ್ನುವುದನ್ನೂ ಸ್ಪಷ್ಟವಾಗಿ ಹೇಳಿಬಿಡುತ್ತೇನೆ. ಕಸ್ಟಮ್ಸ್ ಕಾಯ್ದೆಯಲ್ಲಿ ‘ನಿಷಿದ್ಧ ವಸ್ತು’ ಅಂದರೆ ಪೂರ್ತಿ ನಿಷೇಧಿಸಿದ್ದು ಮಾತ್ರ ಅಲ್ಲ. ಷರತ್ತಿನ ಮೇಲೆ ಬಿಡುವ ವಸ್ತುವನ್ನು ಷರತ್ತು ಪಾಲಿಸದೆ ತಂದರೆ ಅದೂ ನಿಷಿದ್ಧವೇ. ಒಂದು ಹೆಣ್ಣು ಕುದುರೆಯ ಆಮದಿನ ಮೊಕದ್ದಮೆಯಲ್ಲಿ ಸುಪ್ರೀಂ ಕೋರ್ಟ್ 1970ರಲ್ಲೇ ಇದನ್ನು ಹೇಳಿದೆ. ಹಾಗಾಗಿ ಪರವಾನಗಿ ಇಲ್ಲದ ಬಳ್ಳಿಯನ್ನೂ, ಡ್ರೋನನ್ನೂ ಮುಟ್ಟುಗೋಲು ಹಾಕಬಹುದು. ಅದರ ಮೇಲೆ ದಂಡ. ಸಾಮಾನ್ಯ ಸಾಮಾನಾದರೆ ದಂಡ ಕಟ್ಟಿ ಬಿಡಿಸಿಕೊಳ್ಳುವ ಅವಕಾಶ ಕೊಡಲೇಬೇಕು. ನಿಷಿದ್ಧ ವಸ್ತುವಾದರೆ ಅದು ಅಧಿಕಾರಿಯ ವಿವೇಚನೆ. ಬಚ್ಚಿಟ್ಟು ತಂದದ್ದು, ಸುಳ್ಳು ಹೇಳಿದ್ದು ಗೊತ್ತಾದರೆ ದಂಡ ಜಾಸ್ತಿಯಾಗುತ್ತದೆ, ಕೇಸೂ ಆಗಬಹುದು. ಆ ಕೇಸು ಮೊದಲು ಬೀಳುವುದು ಬ್ಯಾಗ್ ಹಿಡಿದು ನಿಂತ ಹುಡುಗನ ಮೇಲೆ. ವಿದೇಶದಲ್ಲಿ ಕೆಲಸ ಮಾಡುವವನಿಗೆ ಅದು ಮುಂದೆ ವೀಸಾ, ಪಾಸ್‌ಪೋರ್ಟ್ ವಿಷಯದಲ್ಲಿ ತಲೆನೋವಾಗಬಹುದು. ಇದನ್ನು ನೀವು ಗಂಭೀರವಾಗಿ ಯೋಚಿಸಬೇಕು.

ಅವನ ಕೈಯಲ್ಲಿ ಈಗಾಗಲೇ ಅಂಥದ್ದೇನಾದರೂ ಇದ್ದರೆ, ಘೋಷಿಸಬೇಕಾದ ಸಾಮಾನಿಲ್ಲದವರು ಹೋಗುವ ಗ್ರೀನ್ ಚಾನೆಲ್‌ನಲ್ಲಿ ನಡೆಯುವುದು ಬೇಡ. ರೆಡ್ ಚಾನೆಲ್‌ಗೆ ಹೋಗಿ ಇದ್ದದ್ದನ್ನು ಇದ್ದ ಹಾಗೆ ಹೇಳಲಿ. ನಿಜ ಹೇಳಿದ ಪ್ರಯಾಣಿಕನ ಸಾಮಾನನ್ನು ರಸೀದಿ ಕೊಟ್ಟು ಇಟ್ಟುಕೊಂಡು, ಅವನು ದೇಶ ಬಿಡುವಾಗ ಹಿಂದಿರುಗಿಸಲು ಕಸ್ಟಮ್ಸ್ ಕಾಯ್ದೆಯ 80ನೇ ಕಲಂನಲ್ಲಿ ಅವಕಾಶ ಇದೆ. ಗಿಡಕ್ಕೆ ಇದು ಉಪಯೋಗಕ್ಕೆ ಬಾರದು, ಅಷ್ಟು ದಿನ ಗಿಡ ಬದುಕುವುದಿಲ್ಲ.

ಗಿಫ್ಟ್ ವಿಷಯ ಬೇಗ ಮುಗಿಸುತ್ತೇನೆ. 2019ರ ಡಿಸೆಂಬರ್‌ನಲ್ಲಿ ಆ ದಾರಿ ಮುಚ್ಚಿತು. ಅಂಚೆ ಅಥವಾ ಕೊರಿಯರ್‌ನಲ್ಲಿ ಉಡುಗೊರೆ ಎಂದು ಸುಂಕವಿಲ್ಲದೆ ಬಿಡಿಸಿಕೊಳ್ಳಲು ಈಗ ಆಗುವುದು ಜೀವರಕ್ಷಕ ಔಷಧ ಮತ್ತು ರಾಖಿ ಮಾತ್ರ. ಪೂರ್ತಿ ಸುಂಕ ಕಟ್ಟಿ ತರಿಸಬಹುದು, ಆದರೆ ಆಗಲೂ ವಸ್ತು ನಿಷಿದ್ಧ ಆಗಿರಬಾರದು.

ಉಳಿದದ್ದು ದೋಟಿ. ಇದು ನಿಜವಾಗಿಯೂ ನಿಮಗೆ ಬೇಕಾದ ಸಾಮಾನು. ಕೊನೆಗೌಡರಿಲ್ಲದ ದಿನ ನೆಲದ ಮೇಲೇ ನಿಂತು ಕೊನೆ ಇಳಿಸಬಹುದು, ಮದ್ದೂ ಹೊಡೆಯಬಹುದು. ಹೊಸ ದೋಟಿಗೆ ನಿಷೇಧ ಇಲ್ಲ. ಆದರೆ ಹತ್ತು ದೋಟಿ ತಂದು ಕೇರಿಗೆ ಹಂಚಿ ದುಡ್ಡು ತೆಗೆದುಕೊಂಡರೆ ಅದು ಸ್ವಂತ ಬಳಕೆ ಅನ್ನಿಸಿಕೊಳ್ಳುವುದಿಲ್ಲ. ಅದಕ್ಕೆ ಆಮದು-ರಫ್ತು ಕೋಡ್ ಬೇಕು, ಐಇಸಿ ಅನ್ನುತ್ತಾರೆ. ಪ್ಯಾನ್ ಇದ್ದರೆ ಡಿಜಿಎಫ್‌ಟಿ ವೆಬ್‌ಸೈಟಿನಲ್ಲೇ ಅರ್ಜಿ ಹಾಕಬಹುದು, ಶುಲ್ಕ 500 ರೂಪಾಯಿ. ವಿದೇಶಕ್ಕೆ ದುಡ್ಡು ಹೋಗಬೇಕಾದದ್ದು ಬ್ಯಾಂಕಿನ ಮೂಲಕ. ನಿಮ್ಮ ಊರಿನ ಸಹಕಾರ ಸಂಘಕ್ಕೆ ಈ ಕೋಡ್ ಇದ್ದರೆ ಅವರ ಹೆಸರಿನಲ್ಲಿ ತರಿಸುವುದು ಎಲ್ಲಕ್ಕಿಂತ ಸಲೀಸು. ಹಳೆಯ ದೋಟಿ ಅಗ್ಗಕ್ಕೆ ಸಿಗುತ್ತದೆ ಅಂತ ತರಬೇಡಿ, ಬಳಸಿದ ಸಾಮಾನಿಗೆ ಬೇರೆಯೇ ನಿರ್ಬಂಧಗಳಿವೆ.

ಇನ್ನು ನಿಮ್ಮ ಮೂಲ ಪ್ರಶ್ನೆ, ಡ್ಯೂಟಿ. ಸಾಮಾನಿನ ಬೆಲೆಗೆ ಸಾಗಣೆ ಮತ್ತು ವಿಮೆ ಸೇರಿಸಿ ಅದರ ಮೇಲೆ ಲೆಕ್ಕ ಹಾಕುತ್ತಾರೆ. ಉದಾಹರಣೆಗೆ ಮೂಲ ಸುಂಕ ಶೇ 10, ಐಜಿಎಸ್‌ಟಿ ಶೇ 18 ಇದ್ದರೆ, 100 ರೂಪಾಯಿಯ ಮಾಲಿಗೆ ಸುಂಕ 10, ಸುಂಕದ ಮೇಲೆ ಸಮಾಜ ಕಲ್ಯಾಣ ಸರ್‌ಚಾರ್ಜ್ 1, ಈ 111ರ ಮೇಲೆ ಐಜಿಎಸ್‌ಟಿ 19.98. ಒಟ್ಟು 30.98. ನಿಮ್ಮ ದೋಟಿಗೆ ನಿಖರ ದರ ಗೊತ್ತಾಗಬೇಕಾದರೆ ಎಂಟಂಕಿಯ ಎಚ್‌ಎಸ್ ಕೋಡ್ ಬೇಕು, ಅಂದರೆ ಸುಂಕದ ಪಟ್ಟಿಯಲ್ಲಿ ಆ ಸರಕನ್ನು ಗುರುತಿಸುವ ಸಂಖ್ಯೆ. ಮಾರುವವನು ಕೊಟ್ಟ ಕೋಡನ್ನು ಹಾಗೇ ನಂಬಬೇಡಿ. ಮೊದಲ ಆರು ಅಂಕಿ ಜಗತ್ತಿಗೆಲ್ಲ ಒಂದೇ, ಆಮೇಲಿನದು ಪ್ರತಿ ದೇಶದ್ದು ಬೇರೆ. ಕಾರ್ಬನ್ ಫೈಬರೋ ಗ್ಲಾಸ್ ಫೈಬರೋ ಅಲ್ಯೂಮಿನಿಯಮ್ಮೋ ಅನ್ನುವುದರ ಮೇಲೆ ಸುಂಕದ ಪಟ್ಟಿಯ ಅಧ್ಯಾಯವೇ ಬದಲಾಗಬಹುದು. ಅದಕ್ಕೇ ಕ್ಯಾಟಲಾಗ್ ತರಿಸಿಕೊಳ್ಳಿ ಅನ್ನುವುದು. ವಿಯೆಟ್ನಾಂನಲ್ಲೇ ತಯಾರಾದ ಮಾಲಾದರೆ ಆಸಿಯಾನ್ ಒಪ್ಪಂದದಡಿ ಸುಂಕ ಕಡಿಮೆ ಆಗುವ ಸಾಧ್ಯತೆ ಇದೆ, ಅದಕ್ಕೆ ಅಲ್ಲಿಯ ಮೂಲ ಪ್ರಮಾಣಪತ್ರ ಬೇಕು. ಚೀನಾದಲ್ಲಿ ತಯಾರಾಗಿ ವಿಯೆಟ್ನಾಂನ ಅಂಗಡಿಯಲ್ಲಿ ಮಾರಿದ್ದಕ್ಕೆ ಆ ರಿಯಾಯಿತಿ ಇಲ್ಲ.

ಕೋಡ್ ಗೊತ್ತಾದ ಮೇಲೆ ನೀವೇ ನೋಡಿಕೊಳ್ಳಬಹುದು. ಕಸ್ಟಮ್ಸ್ ಇಲಾಖೆಯ ಕಂಪ್ಲಯನ್ಸ್ ಇನ್‌ಫರ್ಮೇಶನ್ ಪೋರ್ಟಲ್‌ನಲ್ಲಿ ಕೋಡ್ ಹಾಕಿದರೆ ಯಾವ ಇಲಾಖೆಯ ಕಾಗದ ಬೇಕು ಅಂತ ತೋರಿಸುತ್ತದೆ. ಡಿಜಿಎಫ್‌ಟಿ ಪಟ್ಟಿಯಲ್ಲಿ ಅದೇ ಕೋಡಿನ ಎದುರು ಮುಕ್ತ, ನಿರ್ಬಂಧಿತ, ನಿಷಿದ್ಧ ಎಂದು ಬರೆದಿರುತ್ತದೆ. ಅಲ್ಲಿ ಮುಕ್ತ ಅಂತ ಕಂಡ ಕೂಡಲೇ ಪುಟ ಮುಚ್ಚಬೇಡಿ. ಪಕ್ಕದ ಷರತ್ತಿನ ಕಾಲಂ, ಅಧ್ಯಾಯದ ಕೊನೆಯ ಟಿಪ್ಪಣಿ ಎರಡನ್ನೂ ಓದಿ. ಜನ ಎಡವುವುದು ಅಲ್ಲಿಯೇ. ದುಡ್ಡು ಕಳಿಸುವ ದಿನ ಮತ್ತೊಮ್ಮೆ ನೋಡಿ, ಅಧಿಸೂಚನೆ ರಾತ್ರಿ ಬೆಳಗಾಗುವುದರೊಳಗೆ ಬರುತ್ತದೆ.

ದೋಟಿ ಉದ್ದದ ಮಾಲು, ಹಡಗಿನಲ್ಲಿ ಮರದ ಪೆಟ್ಟಿಗೆಯಲ್ಲಿ ಬರುತ್ತದೆ. ಆ ಪೆಟ್ಟಿಗೆಯ ಮರದ ಮೇಲೂ ಕಾನೂನು ಇದೆ ಅಂದರೆ ತುಂಬ ಜನ ನಂಬುವುದಿಲ್ಲ. ಪೆಟ್ಟಿಗೆಯ ಬದಿಯ ಹಲಗೆಯಲ್ಲಿ ಒತ್ತಿದ ಒಂದು ಮುದ್ರೆ ಇರಬೇಕು. ಚೌಕದೊಳಗೆ ಗೋಧಿ ತೆನೆಯಂಥ ಚಿತ್ರ, ದೇಶದ ಎರಡಕ್ಷರ, ಒಂದು ಸಂಖ್ಯೆ, ಕೊನೆಗೆ ಎಚ್‌ಟಿ ಅಥವಾ ಎಂಬಿ. ಎಚ್‌ಟಿ ಅಂದರೆ ಮರದ ತಿರುಳು 56 ಡಿಗ್ರಿಗೆ ಬಂದು 30 ನಿಮಿಷ ಹಾಗೇ ಇರುವಂತೆ ಕಾಯಿಸಿದ್ದಾರೆ, ಮರ ಕೊರೆಯುವ ಹುಳ ಸತ್ತಿದೆ. ಎಂಬಿ ಅಂದರೆ ಅನಿಲದ ಧೂಮ ಕೊಟ್ಟದ್ದು. ಒಳಗಿನ ಮಾಲು ಸರಿಯಿದ್ದೂ ಈ ಮುದ್ರೆ ಇಲ್ಲದ್ದಕ್ಕೆ ಪೆಟ್ಟಿಗೆಗಳು ಬಂದರಿನ ಶೆಡ್ಡಿನಲ್ಲಿ ಕೂತದ್ದನ್ನು ನಾನು ನೋಡಿದ್ದೇನೆ. ಕಾದಷ್ಟು ದಿನ ಡಿಮರೇಜ್, ಅಂದರೆ ಮಾಲು ಬಂದರಿನಲ್ಲಿ ಉಳಿದದ್ದರ ಶುಲ್ಕ ಏರುತ್ತದೆ, ಅದು ಸುಂಕವನ್ನೂ ಮೀರಬಹುದು.

ಆದ್ದರಿಂದ ಅಣ್ಣನ ಮಗನಿಗೆ ಹೀಗೆ ಹೇಳಿ: ಡ್ರೋನ್ ಮತ್ತು ಬಳ್ಳಿ ಬಿಟ್ಟುಬಿಡು. ದೋಟಿ ಮಾರುವವನಿಂದ ಕ್ಯಾಟಲಾಗ್, ತಯಾರಾದ ದೇಶದ ಹೆಸರು, ನಿಜವಾದ ಬೆಲೆಯ ಪ್ರೊಫಾರ್ಮಾ ಇನ್‌ವಾಯ್ಸ್ (ಆರ್ಡರಿಗೆ ಮೊದಲು ಕೊಡುವ ಬೆಲೆಪಟ್ಟಿ) ಕೇಳಿ ಕಳಿಸು. ಪೆಟ್ಟಿಗೆಗೆ ಮುದ್ರೆ ಇರುವ ಮರವನ್ನೇ ಬಳಸುತ್ತಾನೆಯೇ ಕೇಳು. ಅವು ಬಂದ ಮೇಲೆ ನೀವು ಐಇಸಿ ಅರ್ಜಿ ಹಾಕಿ, ಕೋಡ್ ನೋಡಿಸಿ, ಆಮೇಲೆ ಆರ್ಡರ್ ಕೊಡಿ. ಮಳೆಗಾಲದ ಮೊದಲ ಮದ್ದಿಗೆ ದೋಟಿ ಕೈಗೆ ಬರಬೇಕಾದರೆ ಈ ಕೆಲಸ ಈಗಲೇ ಶುರುವಾಗಬೇಕು, ಮೇ ತನಕ ಕಾಯಬೇಡಿ.